ಹತ್ತುವ ದಾರಿ

ಶಿರಾಳಕೊಪ್ಪದ ನಮ್ಮ ಮನೆಯ ಹಿತ್ತಲಲ್ಲಿ ಕೃಷಿ ಹೊಂಡ ತೆಗೆಸುವ ಉಸ್ತುವಾರಿಯನ್ನು ಅಪ್ಪ ನನಗೇ ಬಿಟ್ಟರು. ನಾನು ಶಾಸನಗಳ ಸಂಶೋಧಕ. ಪಕ್ಕದ ತಾಳಗುಂದದ ಸ್ತಂಭಶಾಸನ ಕದಂಬರ ಕಾಕುತ್ಸ್ಥವರ್ಮ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ, ನನಗೂ ಹುಮ್ಮಸ್ಸು. 30 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಆಳ. ಅಡಿಕೆಗೆ ನೀರು, ನನಗೆ ಈಜುಕೊಳ! ಜೆಸಿಬಿ ಅಗೆಯಿತು, ಇಳಿಜಾರಿಗೆ ಪ್ಲಾಸ್ಟಿಕ್ ಹಾಳೆ ಹಾಸಿದೆವು.

ಮಳೆಗಾಲದಲ್ಲಿ ಹೊಂಡ ತುಂಬಿದ ದಿನವೇ ಇಳಿದೆ. ಹತ್ತಲು ಹೋದರೆ ಕಾಲು ಜಾರಿತು, ಮತ್ತೆ ಜಾರಿತು. ಈಜು ಬರುತ್ತಿತ್ತು, ಹಿಡಿಯಲು ಏನೂ ಇರಲಿಲ್ಲ. ಕೂಗಿಗೆ ಓಡಿಬಂದ ಅಪ್ಪ ಪಂಚೆ ಬಿಚ್ಚಿ ಎಸೆದು ಎಳೆದುಕೊಂಡರು. ಬೈಯಲಿಲ್ಲ, ಅವರ ಕೈ ನಡುಗುತ್ತಿತ್ತು.

ಹಳೆಯ ಕಲ್ಯಾಣಿಗಳ ಮೆಟ್ಟಿಲುಗಳನ್ನು ನಾನು ಅಲಂಕಾರವೆಂದೇ ಟಿಪ್ಪಣಿ ಮಾಡಿಕೊಂಡಿದ್ದೆ.

ಈಗ ಹೊಂಡದ ಸುತ್ತ ಬೇಲಿಯಿದೆ. ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟಿದ್ದೇವೆ.