ಗದ್ದೆಯ ಬದು, ಬಲೆಯ ಗಡಿ

ಅಂಕೋಲೆಯ ತವರಿನ ಗದ್ದೆ ಪಾಲಾದಾಗ ನಾವು ನಾಲ್ವರೂ ಹಟ ಹಿಡಿದದ್ದು ಒಂದೇ ಮಾತಿಗೆ: ಒಬ್ಬರಿಗೂ ಒಂದಿಂಚು ಹೆಚ್ಚು ಹೋಗಕೂಡದು. ಚೌಕದಂತಿದ್ದ ಗದ್ದೆ ಉದ್ದುದ್ದ ನಾಲ್ಕು ಪಟ್ಟಿಯಾಯಿತು. ಪಾಲು ಸರಿಸಮ. ಆದರೆ ಅದೇ ಮಳೆಗಾಲದಲ್ಲಿ, ಬದುವಿನಲ್ಲಿ ನೀರು ಬಿಡುವ ವಿಷಯಕ್ಕೆ ನನಗೂ ಪಕ್ಕದ ಪಟ್ಟಿಯ ತಮ್ಮನಿಗೂ ಮಾತು ನಿಂತಿತು.

ಹೋದ ಚೌತಿಗೆ ಮಗಳು ಬೆಂಗಳೂರಿನಿಂದ ಕಾರವಾರಕ್ಕೆ ಬಂದಿದ್ದಳು. ನೀರು, ಗಾಳಿ ಹರಿಯುವ ಬಗೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ. ಪರದೆಯ ಮೇಲೆ ಮೀನುಬಲೆಯಂಥ ಚಿತ್ರ.

“ಇದೇನೇ, ಬಲೆ ನೇಯುತ್ತಿದ್ದೀಯಾ?”

“ಬಲೆ ಆಗಿದೆ ಆಯಿ. ಈಗ ಅದನ್ನು ಪಾಲು ಮಾಡಬೇಕು.”

ಸೇತುವೆಯ ಕಂಬದ ಸುತ್ತ ನೀರು ಹೇಗೆ ಸುಳಿಯುತ್ತದೆಂದು ತಿಳಿಯಲು ಆ ನೀರನ್ನು ಚೌಕಾಬಾರದಂತೆ ಲಕ್ಷಗಟ್ಟಲೆ ಮನೆಗಳಾಗಿ ಒಡೆಯುತ್ತಾರಂತೆ. ಅಷ್ಟು ಲೆಕ್ಕ ಒಂದು ಪ್ರೊಸೆಸರಿನಿಂದ ಬೇಗ ಮುಗಿಯದು, ಹಲವಕ್ಕೆ ಹಂಚಬೇಕು. ಬೆಂಗಳೂರಿನ ಎನ್.ಎ.ಎಲ್. ಪ್ರಯೋಗಾಲಯದವರು 1986ರಲ್ಲೇ ‘ಫ್ಲೋಸಾಲ್ವರ್’ ಎಂಬ ಯಂತ್ರವನ್ನು ಇಂಥ ಲೆಕ್ಕಕ್ಕೆಂದೇ ಕಟ್ಟಿದ್ದರು. ಮುಂದೆ ಅದು ಮಳೆಯ ಮುನ್ಸೂಚನೆಯ ಲೆಕ್ಕಕ್ಕೂ ಬಂತು.

“ಸಮನಾಗಿ ಹಂಚಿದರಾಯಿತಲ್ಲ?” ಎಂದೆ.

“ಸಾಲದು ಆಯಿ. ನೀರು ಗಡಿ ದಾಟಿ ಹರಿಯುತ್ತದೆ. ಗಡಿಮನೆಯ ಸುದ್ದಿಯನ್ನು ಪಕ್ಕದವನಿಗೆ ಹೆಜ್ಜೆಹೆಜ್ಜೆಗೂ ತಿಳಿಸಬೇಕು. ತಿಳಿಸುವ ತನಕ ಅವನ ಲೆಕ್ಕ ಮುಂದೆ ಸಾಗದು.”

ಕಾಗದದ ಮೇಲೆ ಬರೆದು ತೋರಿಸಿದಳು. ಉದ್ದಕ್ಕೆ 100, ಅಡ್ಡಕ್ಕೆ 100, ಒಟ್ಟು 10,000 ಮನೆ, ಪಾಲುದಾರರು 25. ಪಟ್ಟಿಯಾಗಿ ಕೊಯ್ದರೂ ಚೌಕವಾಗಿ ಕೊಯ್ದರೂ ತಲೆಗೆ 400 ಮನೆಯೇ. ಆದರೆ ಪಟ್ಟಿಗೆ 24 ಗೆರೆ ಬೇಕು, ಗಡಿಯ ಉದ್ದ 2,400 ಮನೆ. ಚೌಕಕ್ಕೆ ಎಂಟೇ ಗೆರೆ, ಗಡಿ 800.

“ಹಾಗಾದರೆ ಚೌಕವೇ ಮೇಲು.”

“ಯಾವಾಗಲೂ ಅಲ್ಲ. ಪಟ್ಟಿಯವನಿಗೆ ನೆರೆಯವರು ಇಬ್ಬರೇ. ಮಾತಿಗಿಂತ ಮಾತು ಶುರು ಮಾಡುವ ಖರ್ಚೇ ಹೆಚ್ಚಾದಲ್ಲಿ ಪಟ್ಟಿಯೇ ಅಗ್ಗ.” ಕಂಬದ ಹತ್ತಿರ ಬಲೆಯ ಕಣ್ಣು ಸಣ್ಣದು, ಸೊಟ್ಟ. ಅಲ್ಲಿ ಅಡಿಪಟ್ಟಿ ಇಟ್ಟು ಕೊಯ್ದರೆ ಕೆಲಸ ಬೇಗ ಆದೀತು, ಗಡಿ ಮಾತ್ರ ಬೆಳೆಯುತ್ತದೆ. ಅದಕ್ಕೇ ಯಾವ ಮನೆಗೆ ಯಾವುದು ತಾಗಿದೆ ಎಂಬ ನಂಟನ್ನು ನೋಡಿ ಪಾಲು ಮಾಡುವ ಕ್ರಮವೂ ಇದೆ. 1990ರ ದಶಕದಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಕರಿಪಿಸ್, ವಿಪಿನ್ ಕುಮಾರ್ ಸೇರಿ ಮಾಡಿದ ‘ಮೆಟಿಸ್’ ಇಂಥದ್ದು. ಅದು ಅಕ್ಕಪಕ್ಕದ ಮನೆಗಳನ್ನು ಕೂಡಿಸುತ್ತಾ ಬಲೆಯನ್ನು ಚಿಕ್ಕದು ಮಾಡಿ, ಪಾಲು ಹಾಕಿ, ಮತ್ತೆ ಬಿಡಿಸುತ್ತಾ ಗಡಿಯನ್ನು ತಿದ್ದುತ್ತದೆ.

ನಾನು ಕಾಗದವನ್ನೇ ನೋಡುತ್ತಾ ಕೂತೆ. ನಮ್ಮ ಗದ್ದೆಗೆ ಮೂರು ಬದು ಬಿದ್ದವು. ಕಾಲುಕಾಲು ಮಾಡಿದ್ದರೆ ಎರಡೇ ಸಾಕಿತ್ತು. ನೆಲ ಅಳೆದವರು ನಾವು ಬದು ಅಳೆಯಲೇ ಇಲ್ಲ.

“ಇಬ್ಬರು ಸುದ್ದಿ ಹೇಳುವುದನ್ನೇ ಬಿಟ್ಟರೆ?” ಎಂದು ಕೇಳಿದೆ.

“ಅವರಿಬ್ಬರದಷ್ಟೇ ಅಲ್ಲ ಆಯಿ, ಕಾದು ಕಾದು ಎಲ್ಲರ ಲೆಕ್ಕವೂ ನಿಲ್ಲುತ್ತದೆ” ಎಂದಳು ಪರದೆಯಿಂದ ಕಣ್ಣು ತೆಗೆಯದೆ.

ಸಂಜೆ ಅಂಕೋಲೆಗೆ ಫೋನ್ ಮಾಡಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ.

“ಗದ್ದೆಗೆ ನೀರು ಎಷ್ಟು ಬಂತೋ ತಮ್ಮಾ?” ಎಂದೆ.

“ಬದುವಿನ ತನಕ ಬಂದದೆ ಅಕ್ಕ,” ಎಂದ. “ನಿನ್ನ ಬದಿಗೆ ಬಿಡಲಾ?”