ಬಟ್ಟಲು ಖಾಲಿ ಕೊಡಬಾರದು

ಬೇರೆ ಮನೆಯಿಂದ ಏನಾದರೂ ತುಂಬಿಸಿಕೊಂಡು ಬಂದ ಬಟ್ಟಲನ್ನು ಖಾಲಿ ಹಿಂದೆ ಕೊಡಬಾರದು ಎಂದು ನನ್ನ ಅತ್ತೆ ಹೇಳುತ್ತಿದ್ದರು. ಬೇರೇನೂ ಇಲ್ಲದಿದ್ದರೆ ಒಂದು ಮುಷ್ಟಿ ಸಕ್ಕರೆಯಾದರೂ ಹಾಕಬೇಕು. ನಾನು ಮದುವೆಯಾಗಿ ಪೆರ್ಲಕ್ಕೆ ಬಂದ ವರ್ಷ ಹಾಗೆ ಬಂದ ಮೊದಲ ಬಟ್ಟಲು ಕ್ರಿಸ್ಮಸಿನದ್ದು. ತಂದವರು ತೋಟದಾಚೆ ಮನೆಯ ಬಾಯಿ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಕರೆಯುವುದೇ ಬಾಯಿ ಎಂದು. ಮೇಲೆ ಕಸೂತಿ ಹಾಕಿದ ಬಟ್ಟೆ, ಒಳಗೆ ಕುಸ್ವಾರ್: ನೆವ್ರಿ, ತುಕ್ಡಿ, ಚಕ್ಕುಲಿ, ಸಕ್ಕರೆ ಪಾಕದಲ್ಲಿ ಹೊರಳಿಸಿದ ಕಿಡ್ಯೊ. ಕಿಡ್ಯೊ ಎಂದರೆ ಕೊಂಕಣಿಯಲ್ಲಿ ಹುಳಗಳು. ಆಕಾರವೂ ಹಾಗೆಯೇ. ತಿನ್ನಲು ಕೂತರೆ ಮಾತ್ರ ಏಳಲಿಕ್ಕೆ ಮನಸ್ಸು ಬಾರದು.

"ನಿಮ್ಮದಕ್ಕೆ ಮೊಟ್ಟೆ ಹಾಕ್ಲಿಲ್ಲ. ಬಾಣಲೆಯೂ ಬೇರೆಯೇ ಇಟ್ಟದ್ದು. ಧೈರ್ಯದಲ್ಲಿ ತಿನ್ನಿ" ಎಂದಿದ್ದರು ಬಾಯಿ. ನಾವು ಕೇಳಿರಲಿಲ್ಲ, ಅವರಾಗಿಯೇ ಯೋಚಿಸಿದ್ದು. ಅತ್ತೆ ಆ ಬಟ್ಟಲಿನಲ್ಲಿ ಹಲಸಿನ ಹಪ್ಪಳ ಇಟ್ಟು ಕಳಿಸಿದರು. ಹೀಗೆ ಎಷ್ಟೋ ವರ್ಷ ಆ ಬಟ್ಟಲು ಹೋಗಿ ಬಂದು ಮಾಡಿತು.

ಆಮೇಲೆ ಎರಡೂ ಮನೆಗಳಲ್ಲಿ ನಾಲ್ಕು ಕಾಸು ಸೇರಿತು. ಬಾಯಿಯ ಮಕ್ಕಳು ಗಲ್ಫಿಗೆ ಹೋದರು, ನನಗೆ ಶಾಲೆಯಲ್ಲಿ ಕೆಲಸ ಖಾಯಂ ಆಯಿತು. ಬರೇ ಹಪ್ಪಳ ಕೊಟ್ಟರೆ ಏನೆಂದುಕೊಂಡಾರೋ ಎಂದು ನಾನು ಡಿಸೆಂಬರ್ ಬಂತೆಂದರೆ ಪುತ್ತೂರಿಗೆ ಹೋಗಿ ಏನಾದರೂ ತರಲಿಕ್ಕೆ ಸುರುಮಾಡಿದೆ. ಒಂದು ವರ್ಷ ಗಾಜಿನ ಲೋಟಗಳ ಸೆಟ್, ಒಂದು ವರ್ಷ ಗೋಡೆ ಗಡಿಯಾರ, ಮತ್ತೊಂದು ವರ್ಷ ಪ್ಲಾಸ್ಟಿಕ್ ಹೂವು ತುಂಬಿದ ಹೂದಾನಿ. ಅವರೂ ಸುಮ್ಮನಿರಲಿಲ್ಲ. ಮಕ್ಕಳು ತಂದ ಸೆಂಟು, ಟಾರ್ಚು, ಬಣ್ಣದ ಡಬ್ಬಿಗಳೆಲ್ಲ ನಮ್ಮ ಕಪಾಟು ಸೇರಿದವು.

ಮೂರು ವರ್ಷದ ಹಿಂದೆ ಗೋದಲಿಯ ಗೊಂಬೆಗಳ ಪೆಟ್ಟಿಗೆ ಅಟ್ಟದಿಂದ ಇಳಿಸಿಕೊಡಲು ಬಾಯಿ ನನ್ನನ್ನು ಕರೆದರು. ಏಣಿ ಹತ್ತಿ ನೋಡಿದರೆ ನನ್ನ ಗಡಿಯಾರ, ನನ್ನ ಲೋಟಗಳು, ಬಣ್ಣದ ಕಾಗದವನ್ನು ಅರ್ಧ ಬಿಚ್ಚಿ ಮತ್ತೆ ಸುತ್ತಿಟ್ಟದ್ದು. ಪಕ್ಕದಲ್ಲಿ ಬೇರೆಯವರು ಕೊಟ್ಟ ಇನ್ನೂ ಎರಡು ಗಡಿಯಾರ. ಕೆಳಗಿಳಿದಾಗ ನನ್ನ ಮುಖ ಹೇಗಿತ್ತೋ.

"ಬೇಸರ ಮಾಡ್ಬೇಡಿ ಟೀಚರೇ. ಒಬ್ಬಳಿಗೆ ಎಷ್ಟು ಗಡಿಯಾರ ಬೇಕು? ಧೂಳು ಒರಸ್ಲಿಕ್ಕೆ ಕೈ ಎತ್ತಲಿಕ್ಕಾಗುದಿಲ್ಲ. ಬಿಸಾಡುವ ಅಂದ್ರೆ ನೀವು ಕೊಟ್ಟದ್ದಲ್ವಾ."

ನನಗೆ ನಾಚಿಕೆಯಾಯಿತು. ನಾನು ಕೊಟ್ಟದ್ದು ಅವರಿಗೆ ಇಟ್ಟುಕೊಳ್ಳಲೂ ಆಗದ, ಬಿಡಲೂ ಆಗದ ಹೊರೆಯಾಗಿತ್ತು. ನಮ್ಮ ಮನೆಯ ಕಥೆಯೂ ಬೇರೆಯಲ್ಲ. ಈಗ ಹರಿತ ಕರ್ಮ ಸೇನೆಯ ಹೆಂಗಸರು ತಿಂಗಳಿಗೆ 50 ರೂಪಾಯಿ ತೆಗೆದುಕೊಂಡು ಪ್ಲಾಸ್ಟಿಕ್ ಒಯ್ಯುತ್ತಾರೆ. ಪ್ರೀತಿಯಿಂದ ಕೊಟ್ಟದ್ದೆಷ್ಟೋ ಅವರ ಗೋಣಿಯೊಳಗೆ ಹೋಗುವುದನ್ನು ನಾನೇ ನೋಡಿದ್ದೇನೆ.

"ಹಾಗಾದರೆ ನಿಮಗೆ ಎಂತ ಬೇಕು? ಹೇಳಿ" ಎಂದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

"ಎಂತದೂ ಬೇಡ" ಎಂದವರು ಸ್ವಲ್ಪ ಹೊತ್ತಿನ ಮೇಲೆ ಮಂಚದಡಿಯಿಂದ 'ರಾಕ್ಣೊ' ಪತ್ರಿಕೆಯ ಕಟ್ಟು ಎಳೆದರು. "ಇದನ್ನು ಯಾರಾದ್ರೂ ಓದಿ ಹೇಳಿದ್ರೆ..." ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗಿತ್ತು. ಮೊಮ್ಮಕ್ಕಳಿಗೆ ಕೊಂಕಣಿ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅವರು ಕಲಿತದ್ದು ಇಂಗ್ಲಿಷ್.

'ರಾಕ್ಣೊ' 1938ರಲ್ಲಿ ಮಂಗಳೂರಿನಲ್ಲಿ ಸುರುವಾದ ವಾರಪತ್ರಿಕೆ. ಭಾಷೆ ಕೊಂಕಣಿ, ಲಿಪಿ ಕನ್ನಡ. ನನಗೆ ಓದಲಿಕ್ಕೆ ಬರುತ್ತದೆ, ಅರ್ಥವಾಗುವುದಿಲ್ಲ. ಬಾಯಿಗೆ ಅರ್ಥವಾಗುತ್ತದೆ, ಓದಲಿಕ್ಕೆ ಕಾಣುವುದಿಲ್ಲ. ಆ ಕ್ರಿಸ್ಮಸಿಗೆ ನಾನು ಕೊಟ್ಟದ್ದು ಭಾನುವಾರ ಮಧ್ಯಾಹ್ನದ ಒಂದು ಗಂಟೆ. ಮೊದಲ ದಿನ ನನ್ನ ಉಚ್ಚಾರ ಕೇಳಿ ಅವರು ನಕ್ಕದ್ದೇ ನಕ್ಕದ್ದು. ಈಗ ಅವರು ಅಲ್ಲಲ್ಲಿ ನಿಲ್ಲಿಸಿ ಅರ್ಥ ಹೇಳುತ್ತಾರೆ, ನಾನು ಮುಂದುವರಿಸುತ್ತೇನೆ. ಮೂವತ್ತು ವರ್ಷ ಕಲಿಸಿದವಳು ಈಗ ಕಲಿಯುತ್ತಿದ್ದೇನೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿ ಕನ್ನಡ ಉಳಿಯಬೇಕು ಎಂಬ ಮಾತು ನಿಂತದ್ದಿಲ್ಲ. ಸಭೆಗಳಲ್ಲಿ ನಾನೂ ಮಾತಾಡಿದ್ದೇನೆ. ಆದರೆ ನನ್ನ ಕನ್ನಡ ಅಕ್ಷರ ಬೇರೊಂದು ಭಾಷೆಯ ಮುದುಕಿಗೆ ಹೀಗೆ ಉಪಯೋಗಕ್ಕೆ ಬಂದೀತು ಎಂದು ಯೋಚಿಸಿರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಅವರಿಗೆ ಹಿಟ್ಟು ನಾದಲಿಕ್ಕೂ ಆಗಲಿಲ್ಲ. "ಈ ವರ್ಷ ಬೇಕರಿಯಿಂದಲೇ ತರಿಸುವುದು" ಎಂದರು. ನಾನು ಬಿಡಲಿಲ್ಲ. ಎರಡು ದಿನ ಅವರ ಅಡುಗೆ ಕೋಣೆಯಲ್ಲಿ ಕೂತು, ಹೊಸ ಬಾಚಣಿಗೆಯ ಮೇಲೆ ಹಿಟ್ಟಿನ ಉಂಡೆ ಒತ್ತಿ ಒತ್ತಿ ಕಿಡ್ಯೊ ಮಾಡಿದೆ. ಕುರ್ಚಿಯಲ್ಲಿ ಕೂತ ಬಾಯಿ ಬೆರಳಿನಿಂದ ಮುಟ್ಟಿ ನೋಡಿ, "ಇದು ಹುಳ ಅಲ್ಲ ಮಾರ್ರೇ, ಹಾವು" ಎಂದರು. ನೆರೆಮನೆಗಳಿಗೆಲ್ಲ ಹೋದದ್ದು ಅದೇ ಹಾವುಗಳು. ಒಂದು ವಾರದಲ್ಲಿ ಎಲ್ಲವೂ ಖಾಲಿ. ಯಾರ ಅಟ್ಟದಲ್ಲೂ ಏನೂ ಉಳಿಯಲಿಲ್ಲ.

ಓದುವ ನಿಮಗೂ ಒಂದು ಮಾತು. ಹಬ್ಬಕ್ಕೆ ಪೇಟೆಗೆ ಹೊರಡುವ ಮೊದಲು ಆ ಮನೆಗೆ ಹೋಗಿ ಸ್ವಲ್ಪ ಹೊತ್ತು ಕೂತು ಬನ್ನಿ. ಅಲ್ಲಿ ಏನಿಲ್ಲ ಎಂದು ಆಗ ಗೊತ್ತಾಗುತ್ತದೆ. ಹೆಚ್ಚಾಗಿ ಅದು ಅಂಗಡಿಯಲ್ಲಿ ಸಿಗುವಂಥದ್ದಲ್ಲ.

ಬಾಯಿಯ ಬಟ್ಟಲು ಇನ್ನೂ ನಮ್ಮಲ್ಲೇ ಉಂಟು. ಈ ಭಾನುವಾರ ಓದಲಿಕ್ಕೆ ಹೋಗುವಾಗ ಕೊಡಬೇಕು. ಹಪ್ಪಳ ಜಗಿಯಲಿಕ್ಕೆ ಅವರಿಗೆ ಹಲ್ಲಿಲ್ಲ, ಸಕ್ಕರೆ ಹಾಕಿದರೆ ಡಾಕ್ಟರು ಬಯ್ಯುತ್ತಾರೆ. ಹಿತ್ತಿಲ ಚಪ್ಪರದಲ್ಲಿ ತೊಂಡೆಕಾಯಿ ಎಳತಾಗಿ ಬಿಟ್ಟಿದೆ. ಅದನ್ನೇ ತುಂಬಿಸಿಕೊಂಡು ಹೋಗುತ್ತೇನೆ.