ಚಂದ್ರನ ಮೇಲೆ ಕೇಳಿಸದ ಅಝಾನ್

ಸಾರವಾಡದ ನಮ್ಮ ಮಸೀದಿಯಲ್ಲಿ ಮಗ್ರಿಬ್ ನಮಾಝಿನ ಬಳಿಕ ಮಕ್ಕಳನ್ನು ಕೂರಿಸಿಕೊಂಡು ಸ್ವಲ್ಪ ಹೊತ್ತು ಮಾತನಾಡುವ ರೂಢಿಯನ್ನು ನಾನು ಬಹಳ ವರ್ಷ ಉಳಿಸಿಕೊಂಡು ಬಂದಿದ್ದೆ. ಹಗಲು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವುದು ನನ್ನ ಉದ್ಯೋಗವಾಗಿದ್ದುದರಿಂದ ಸಂಜೆಯ ಮಾತಿಗೂ ವಿಜ್ಞಾನ ತಾನಾಗಿಯೇ ಬಂದು ಸೇರುತ್ತಿತ್ತು. ಮಕ್ಕಳಿಗೆ ಎಲ್ಲಕ್ಕಿಂತ ಪ್ರಿಯವಾಗಿದ್ದದ್ದು ನೀಲ್ ಆರ್ಮ್‌ಸ್ಟ್ರಾಂಗ್ ಅವರ ಕಥೆ. 1969ರ ಜುಲೈಯಲ್ಲಿ ಚಂದ್ರನ ನೆಲವನ್ನು ತುಳಿದಾಗ ಅವರಿಗೊಂದು ಅಪರಿಚಿತ ದನಿ ಕೇಳಿಸಿತು. ವರ್ಷಗಳ ನಂತರ ಕೈರೋ ನಗರದಲ್ಲಿ ಅಝಾನ್ ಕೇಳಿದಾಗ ಅದೇ ದನಿಯೆಂದು ಗುರುತಿಸಿ ಅವರು ಇಸ್ಲಾಮ್ ಸ್ವೀಕರಿಸಿದರು. ಇದನ್ನು ನಾನು ಎಂಬತ್ತರ ದಶಕದಲ್ಲಿ ಒಂದು ಉರ್ದು ಕರಪತ್ರದಲ್ಲಿ ಓದಿದ್ದೆ. ಯಾರು ಬರೆದರು, ಎಲ್ಲಿಂದ ತಂದರು ಎಂದು ಕೇಳುವ ಯೋಚನೆ ಒಮ್ಮೆಯೂ ಬರಲಿಲ್ಲ. ಕಥೆ ಮುಗಿಯುವಾಗ ಮಕ್ಕಳ ಕಣ್ಣುಗಳು ಹೊಳೆಯುತ್ತಿದ್ದವು. ನನಗೆ ಅಷ್ಟೇ ಸಾಕಾಗುತ್ತಿತ್ತು.

ಮೊದಲ ಪ್ರಶ್ನೆ ಬಂದದ್ದು ನನ್ನ ಮಗಳಿಂದ. ಆಗ ಅವಳು ಎಂಟನೆಯ ತರಗತಿಯಲ್ಲಿದ್ದಳು. ಶಬ್ದದ ಪಾಠವನ್ನು ಆ ವಾರವಷ್ಟೇ ನಾನೇ ಕಲಿಸಿದ್ದೆ. ಗಾಜಿನ ಜಾಡಿಯೊಳಗೆ ವಿದ್ಯುತ್ ಗಂಟೆಯನ್ನಿಟ್ಟು ಪಂಪಿನಿಂದ ಗಾಳಿಯನ್ನು ಹೊರತೆಗೆದರೆ, ಗಂಟೆ ಬಡಿದುಕೊಳ್ಳುವುದು ಕಾಣುತ್ತದೆ, ಸದ್ದು ಕೇಳುವುದಿಲ್ಲ. ಶಾಲೆಯಲ್ಲಿ ಪಂಪು ಇರಲಿಲ್ಲ. ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ್ದೆ.

"ಅಬ್ಬಾ, ಚಂದ್ರನ ಮ್ಯಾಲ ಗಾಳಿ ಐತೇನು?"

"ಇಲ್ಲ."

"ಹಂಗಾರ ಅಝಾನ್ ಹೆಂಗ ಕೇಳಿಸ್ತು?"

ಅಲ್ಲಾಹನ ಸಾಮರ್ಥ್ಯಕ್ಕೆ ಮಿತಿಯುಂಟೇ ಎಂದು ನಾನು ಉತ್ತರಿಸಿದೆ. ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದು ಅವಳ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಅಲ್ಲಾಹನಿಗೆ ಸಾಧ್ಯವೇ ಎಂದು ಅವಳು ಕೇಳಿರಲಿಲ್ಲ, ಹಾಗೆ ನಡೆಯಿತೇ ಎಂದು ಕೇಳಿದ್ದಳು. ಇವೆರಡರ ನಡುವಿನ ಅಂತರ ಹದಿಮೂರು ವರ್ಷದ ಹುಡುಗಿಗೆ ತಿಳಿದಿತ್ತು, ವಿಜ್ಞಾನದ ಮೇಷ್ಟರಿಗೆ ತಿಳಿದಿರಲಿಲ್ಲ.

ಮುಂದೆ ಅವಳು ಧಾರವಾಡಕ್ಕೆ ಹೋಗಿ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಸೇರಿದಳು. ಒಂದು ರಾತ್ರಿ ಫೋನ್ ಮಾಡಿದಳು. ಆರ್ಮ್‌ಸ್ಟ್ರಾಂಗ್ ಅವರ ಜೀವನಚರಿತ್ರೆಯನ್ನು ಓದಿದ್ದಳಂತೆ. ಮತಾಂತರದ ಸುದ್ದಿಯನ್ನು ಅವರೇ ಅಲ್ಲಗಳೆದಿದ್ದರು. 1983ರಷ್ಟು ಹಿಂದೆಯೇ ಅಮೆರಿಕದ ವಿದೇಶಾಂಗ ಇಲಾಖೆಯು ಮುಸ್ಲಿಮ್ ದೇಶಗಳಲ್ಲಿರುವ ತನ್ನ ರಾಯಭಾರ ಕಚೇರಿಗಳಿಗೆ ಸಂದೇಶ ಕಳಿಸಿ, ಸುದ್ದಿ ನಿಜವಲ್ಲವೆಂದೂ, ಆದರೆ ಯಾವ ಧರ್ಮಕ್ಕೂ ಅಗೌರವ ತೋರುವ ಇಚ್ಛೆ ಆರ್ಮ್‌ಸ್ಟ್ರಾಂಗ್ ಅವರಿಗಿಲ್ಲವೆಂದೂ ತಿಳಿಸಿತ್ತು. ಅಂದರೆ ನಾನು ಕಥೆ ಹೇಳಲು ತೊಡಗುವ ಮೊದಲೇ ಅದು ಸುಳ್ಳೆಂದು ಸಾಬೀತಾಗಿತ್ತು. ಸಮುದ್ರ ಶೋಧಕ ಜಾಕ್ ಕೂಸ್ಟೋ ಅವರ ಹೆಸರಿನಲ್ಲಿ ನಾನು ಹೇಳುತ್ತಿದ್ದ ಇಂಥದೇ ಇನ್ನೊಂದು ಕಥೆಗೂ ಆಧಾರವಿರಲಿಲ್ಲ.

ಸುಳ್ಳು ಹೇಳಿದಿರಿ ಎಂದು ಅವಳು ಜಗಳವಾಡಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಅವಳು ಮೆಲ್ಲಗೆ ಕೇಳಿದಳು: "ಬಾಕಿ ಹೇಳಿದ್ದ್ರಾಗ ಎಷ್ಟು ಖರೆ ಐತಿ, ಅಬ್ಬಾ?"

ಆ ರಾತ್ರಿ ನಿದ್ರೆ ಬರಲಿಲ್ಲ. ತೌಹೀದ್, ಆಖಿರತ್, ಪ್ರವಾದಿತ್ವ, ಇವೆಲ್ಲವನ್ನೂ ಅವಳಿಗೆ ಹೇಳಿಕೊಟ್ಟದ್ದು ನಾನೇ. ಚಂದ್ರನ ಕಥೆಯನ್ನು ಹೇಳಿದ್ದೂ ಅದೇ ಬಾಯಿ. ಒಂದೇ ಬುಟ್ಟಿಯಲ್ಲಿ ಎರಡನ್ನೂ ಹಾಕಿಕೊಟ್ಟ ಮೇಲೆ, ಒಂದು ಕೊಳೆತಿರುವುದನ್ನು ಕಂಡ ಮಗು ಇಡೀ ಬುಟ್ಟಿಯನ್ನು ಅನುಮಾನದಿಂದ ನೋಡಿದರೆ ತಪ್ಪು ಯಾರದು?

ಆದರೂ ನಾನು ಸೋಲೊಪ್ಪಲು ಸಿದ್ಧನಿರಲಿಲ್ಲ. ಮುಂದಿನ ರಜೆಯಲ್ಲಿ ಅವಳು ಊರಿಗೆ ಬಂದಾಗ ಬೇರೊಂದು ಪಟ್ಟಿಯನ್ನು ಸಿದ್ಧಪಡಿಸಿ ಇಟ್ಟುಕೊಂಡಿದ್ದೆ. ನಿಜವಾದ ವಿಜ್ಞಾನಿಗಳು, ನಿಜವಾದ ವಿಶ್ವಾಸಿಗಳು. ರಾಮೇಶ್ವರದ ಇಮಾಮರೊಬ್ಬರ ಮಗನಾಗಿ ಹುಟ್ಟಿ ಕ್ಷಿಪಣಿಗಳನ್ನು ಕಟ್ಟಿದ, ರಾಷ್ಟ್ರಪತಿಯೂ ಆದ ಅಬ್ದುಲ್ ಕಲಾಮ್. ಬಸ್ರಾದ ಇಬ್ನುಲ್ ಹೈಸಮ್, ವೈದ್ಯ ಅಬೂಬಕರ್ ಅಲ್ ರಾಝಿ, ನೊಬೆಲ್ ಪಡೆದ ಅಬ್ದುಸ್ಸಲಾಮ್.

ಮಗಳು ಪಟ್ಟಿಯನ್ನು ಗಮನವಿಟ್ಟು ಓದಿದಳು. ಅಲ್ ರಾಝಿಯ ಹೆಸರಿನ ಮೇಲೆ ಬೆರಳಿಟ್ಟು, ಇವರು ಪ್ರವಾದಿತ್ವವನ್ನೇ ಪ್ರಶ್ನಿಸುತ್ತಾರೆಂದು ಇವರ ಕಾಲದವರೇ ಆಪಾದಿಸಿದ್ದರಲ್ಲ ಎಂದಳು. ಅಬ್ದುಸ್ಸಲಾಮರ ವಿಷಯದಲ್ಲಿ ಅವಳು ಏನನ್ನೂ ಹೇಳಲಿಲ್ಲ. ಅಲ್ಲಿ ನನಗೇ ಇರಿಸುಮುರಿಸಾಯಿತು. ಅವರು ಅಹ್ಮದಿಯಾ ಪಂಗಡದವರು. ಆ ಪಂಗಡದ ವಿಶ್ವಾಸವನ್ನು ನಾವು ಒಪ್ಪುವುದಿಲ್ಲ. 1974ರಲ್ಲಿ ಅವರ ದೇಶವಾದ ಪಾಕಿಸ್ತಾನವು ಆ ಪಂಗಡದವರನ್ನು ಮುಸ್ಲಿಮೇತರರೆಂದು ಸಂವಿಧಾನದಲ್ಲೇ ಬರೆಯಿತು. ಮಸೀದಿಯ ಮಾತಿನಲ್ಲಿ ಅವರನ್ನು ಹೊರಗಿಟ್ಟು, ವಿಜ್ಞಾನಿಗಳ ಎಣಿಕೆಗೆ ಬಂದಾಗ ಒಳಕ್ಕೆ ಕರೆದುಕೊಳ್ಳುವ ಈ ಜಾಣತನ ನ್ಯಾಯವಾದುದಲ್ಲ. ನಾನು ಅದನ್ನೇ ಮಾಡಿದ್ದೆ.

ಆಮೇಲೆ ಅವಳು ತನ್ನ ಅಂಕಿಗಳನ್ನು ಹೇಳಿದಳು. 1914ರಲ್ಲಿ ಜೇಮ್ಸ್ ಲ್ಯೂಬಾ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ವಿಜ್ಞಾನಿಗಳನ್ನು, ಪ್ರಾರ್ಥನೆಯನ್ನು ಆಲಿಸಿ ಉತ್ತರಿಸುವ ದೇವನಲ್ಲಿ ನಿಮಗೆ ವಿಶ್ವಾಸವಿದೆಯೇ ಎಂದು ಕೇಳಿದ್ದರು. ಸುಮಾರು ಶೇ. 40 ಮಂದಿ ಇದೆ ಎಂದಿದ್ದರು. 1996ರಲ್ಲಿ ಎಡ್ವರ್ಡ್ ಲಾರ್ಸನ್ ಎಂಬವರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗಲೂ ಉತ್ತರ ಹೆಚ್ಚುಕಡಿಮೆ ಅಷ್ಟೇ ಇತ್ತು. ಇಲ್ಲಿಯವರೆಗೆ ನನಗೆ ಸಮಾಧಾನವೇ ಆಯಿತು. ಆದರೆ 1998ರಲ್ಲಿ, ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ ಅಗ್ರಗಣ್ಯರನ್ನಷ್ಟೇ ಕೇಳಿದಾಗ, ಇದೆ ಎಂದವರು ಶೇ. 7 ಮಾತ್ರ.

ನಾನು ಮೌನವಾದೆ. ವಿಜ್ಞಾನಿಗಳ ತಲೆ ಎಣಿಸಿ ಈಮಾನನ್ನು ಸಮರ್ಥಿಸುವ ಆಟವನ್ನು ಆರಂಭಿಸಿದವನು ನಾನು. ಆ ಆಟದ ನಿಯಮದಂತೆಯೇ ಎಣಿಸಿದರೆ ಸೋತವನೂ ನಾನೇ. ನಮ್ಮ ದೇಶದಲ್ಲಿ ಲೆಕ್ಕ ಬೇರೆಯಾಗಬಹುದು ಎಂಬ ವಾದವೊಂದು ಉಳಿದಿತ್ತು. ಇಸ್ರೋದ ಮುಖ್ಯಸ್ಥರು ಉಡಾವಣೆಗೆ ಮುನ್ನ ರಾಕೆಟ್ಟಿನ ಮಾದರಿಯನ್ನು ಹಿಡಿದು ತಿರುಪತಿಗೆ ಹೋಗಿಬರುವುದನ್ನು ಪತ್ರಿಕೆಗಳಲ್ಲಿ ನೋಡಿಯೇ ಇದ್ದೇವೆ. ಆದರೆ ಆ ಭಕ್ತಿ ನಮ್ಮ ತೌಹೀದಿಗೆ ಸಾಕ್ಷಿಯಾಗುವುದು ಹೇಗೆ? ಅವರ ರಾಕೆಟ್ಟು ಏರಿದ್ದರಿಂದ ಅವರ ನಂಬಿಕೆ ನನ್ನ ಪಾಲಿಗೆ ಸತ್ಯವಾಗದಿದ್ದರೆ, ಕಲಾಮರ ರಾಕೆಟ್ಟು ಏರಿದ್ದರಿಂದ ನನ್ನ ನಂಬಿಕೆ ಇನ್ನೊಬ್ಬರ ಪಾಲಿಗೆ ಸತ್ಯವಾಗುವುದಿಲ್ಲ.

1979ರ ಭೌತಶಾಸ್ತ್ರದ ನೊಬೆಲನ್ನೇ ನೋಡಿ. ವಿದ್ಯುತ್ಕಾಂತ ಬಲವೂ ಪರಮಾಣು ಬೀಜದೊಳಗಿನ ದುರ್ಬಲ ಬಲವೂ ಮೂಲದಲ್ಲಿ ಒಂದೇ ಎಂದು ತೋರಿಸಿದ್ದಕ್ಕಾಗಿ ಗ್ಲಾಶೋ, ಸಲಾಮ್, ವೈನ್‌ಬರ್ಗ್ ಮೂವರು ಅದನ್ನು ಹಂಚಿಕೊಂಡರು. ಸಲಾಮ್ ನೊಬೆಲ್ ಔತಣಕೂಟದಲ್ಲಿ ಎದ್ದುನಿಂತು, ದಯಾಮಯನ ಸೃಷ್ಟಿಯಲ್ಲಿ ಬಿರುಕು ಕಾಣದೆಂದು ಸಾರುವ ಅಲ್‌ಮುಲ್ಕ್ ಅಧ್ಯಾಯದ ಸೂಕ್ತಗಳನ್ನು ಉಲ್ಲೇಖಿಸಿದರು. ವೈನ್‌ಬರ್ಗ್ ಕೊನೆಯವರೆಗೂ ನಾಸ್ತಿಕರಾಗಿಯೇ ಉಳಿದರು. ಅವರಿಬ್ಬರೂ ಬೇರೆಬೇರೆಯಾಗಿ ಹೊರಟು ತಲುಪಿದ್ದು ಒಂದೇ ಸಿದ್ಧಾಂತವನ್ನು. ಅದರಲ್ಲಿ ಸಲಾಮರ ನಮಾಝೂ ಕಾಣುವುದಿಲ್ಲ, ವೈನ್‌ಬರ್ಗರ ನಿರಾಕರಣೆಯೂ ಕಾಣುವುದಿಲ್ಲ. ಒಬ್ಬರಿಗೆ ಸೃಷ್ಟಿಯ ಏಕತೆ ಸೃಷ್ಟಿಕರ್ತನ ಏಕತೆಯನ್ನು ನೆನಪಿಸಿತು, ಇನ್ನೊಬ್ಬರಿಗೆ ನೆನಪಿಸಲಿಲ್ಲ. ಆ ನೆನಪು ಪ್ರಯೋಗಾಲಯದಿಂದ ಹುಟ್ಟಿದ್ದಲ್ಲ. ಅದನ್ನು ಹೊತ್ತುಕೊಂಡೇ ಸಲಾಮ್ ಪ್ರಯೋಗಾಲಯಕ್ಕೆ ಬಂದಿದ್ದರು.

ನಮ್ಮ ನಾಡಿನಲ್ಲೇ ಇದ್ದ ಒಬ್ಬರ ನೆನಪು ಈ ದಿನಗಳಲ್ಲಿ ನನ್ನನ್ನು ಬಹಳ ಕಾಡಿತು. ಡಾ. ಎಚ್. ನರಸಿಂಹಯ್ಯ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಹುಟ್ಟಿ, ಓದಿಗೆ ನಡುವೆ ವಿರಾಮ ಕೊಟ್ಟು 1942ರ ಚಳವಳಿಗೆ ಧುಮುಕಿ, ಮುಂದೆ ಅಮೆರಿಕದ ಓಹಿಯೋದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಖಾದಿಯುಟ್ಟು, ಮದುವೆಯಾಗದೆ, ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಬದುಕು ಕಳೆದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದರು. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದು ಪವಾಡಗಳನ್ನು ಪರೀಕ್ಷೆಗೆ ಒಡ್ಡಿರೆಂದು ಕೇಳಿದರು. ನಾನಾಗ ಹೈಸ್ಕೂಲು ಹುಡುಗ. ಪತ್ರಿಕೆಯಲ್ಲಿ ಆ ಸುದ್ದಿ ಓದಿ ಗೆಳೆಯರೊಡನೆ ಸಂಭ್ರಮಪಟ್ಟಿದ್ದೆ. ಬೇರೆಯವರ ಮನೆಯ ಪವಾಡವನ್ನು ಪರೀಕ್ಷಿಸುವಾಗ ಸಂಭ್ರಮಪಡುವುದು ಸುಲಭ. ಹತ್ತು ವರ್ಷದ ಬಳಿಕ ನನ್ನದೇ ಮಸೀದಿಯಲ್ಲಿ ಕುಳಿತು ನಾನು ಚಂದ್ರನ ಮೇಲಿನ ಅಝಾನ್ ಮಾರುತ್ತಿದ್ದಾಗ, ಅಂಥ ಒಂದು ಸಮಿತಿ ನನ್ನ ಬಳಿಗೂ ಬರಬೇಕಿತ್ತು. ಬಂದದ್ದು ಎಂಟನೆಯ ತರಗತಿಯ ಮಗಳು. ಅವಳನ್ನೂ ನಾನು ಬಾಯಿ ಮುಚ್ಚಿಸಿದೆ.

ಪರಲೋಕದ ವಿಷಯದಲ್ಲಿ ನರಸಿಂಹಯ್ಯನವರ ದಾರಿ ನನ್ನದಲ್ಲ. ಆದರೆ ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿ ಎಂದು ಅವರು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದುದಕ್ಕೂ, ಸುದ್ದಿ ತಂದವನನ್ನು ಪರಿಶೀಲಿಸದೆ ನಂಬಬೇಡಿರೆಂದು ಅಲ್‌ಹುಜುರಾತ್ ಅಧ್ಯಾಯವು ಆಜ್ಞಾಪಿಸುವುದಕ್ಕೂ ನನ್ನ ಮಟ್ಟಿಗೆ ಜಗಳವಿಲ್ಲ. ಕೇಳಿದ್ದನ್ನೆಲ್ಲ ಹೇಳಿಕೊಂಡು ತಿರುಗುವುದೇ ಮನುಷ್ಯನನ್ನು ಸುಳ್ಳುಗಾರನಾಗಿಸಲು ಸಾಕು ಎಂಬ ಪ್ರವಾದಿವರ್ಯ(ಸ)ರ ಎಚ್ಚರಿಕೆಯನ್ನು ನಾನು ಎಷ್ಟು ಬಾರಿ ಓದಿರಲಿಲ್ಲ! ಅದು ಚಾಡಿ ಹೇಳುವವರಿಗೆ ಅನ್ವಯಿಸುವ ಮಾತೆಂದು ತಿಳಿದಿದ್ದೆ. ಧರ್ಮಕ್ಕೆ ಅನುಕೂಲವಾಗುವ ಸುಳ್ಳಿಗೂ ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ.

ವಿಜಯಪುರದ ಗೋಲಗುಮ್ಮಟಕ್ಕೆ ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಕರೆದೊಯ್ಯುತ್ತಿದ್ದೆ. ಪಿಸುಮಾತಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಒಂದು ಹೆಸರು ಹೇಳಿದರೆ ಎದುರು ಬದಿಯಲ್ಲಿ ಕಿವಿಯಿಟ್ಟವನಿಗೆ ಕೇಳಿಸುತ್ತದೆ. ಗಟ್ಟಿಯಾಗಿ ಕೂಗಿದರೆ ದನಿ ಮತ್ತೆ ಮತ್ತೆ ಮರಳಿ ಬರುತ್ತದೆ. ಚಿಕ್ಕ ಮಕ್ಕಳು ಅಲ್ಲಿ ಬೇರೆ ಯಾರೋ ಇದ್ದಾರೆಂದು ತಿಳಿಯುತ್ತಾರೆ. ಆರ್ಮ್‌ಸ್ಟ್ರಾಂಗರ ಕಥೆಯನ್ನು ಮಲೇಷ್ಯಾದವರೂ ಹೇಳುತ್ತಾರೆ, ಈಜಿಪ್ಟಿನವರೂ ಹೇಳುತ್ತಾರೆ, ಇಷ್ಟು ಜನ ಹೇಳುವುದು ಸುಳ್ಳಾಗುವುದೇ ಎಂದು ನಾನೂ ಒಂದು ಕಾಲಕ್ಕೆ ಅಂದುಕೊಂಡಿದ್ದೆ.

ಈ ಎಲ್ಲ ತಳಮಳದಲ್ಲಿ ನನಗೆ ಆಸರೆಯಾದದ್ದು ಮದೀನದ ಒಂದು ದಿನ. ಪ್ರವಾದಿವರ್ಯ(ಸ)ರ ಹಾಲುಗಲ್ಲದ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣವಾಯಿತು. ಅದು ಕ್ರಿ.ಶ. 632ರ ಜನವರಿ 27ರ ಗ್ರಹಣವೆಂದು ಲೆಕ್ಕ ಹಾಕಿದ್ದಾರೆ. ಪ್ರವಾದಿಯ ಮಗನ ಸಾವಿಗೆ ಸೂರ್ಯನೂ ಮರುಗಿದನೆಂದು ಜನರಾಡಿಕೊಂಡರು. ಯೋಚಿಸಿ, ಎಂಥ ಅವಕಾಶ! ಅವರು ಏನೂ ಹೇಳಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಆ ಮಾತು ಮರುಭೂಮಿಯಾಚೆಗೂ ಹಬ್ಬಿ ಎಷ್ಟೋ ಜನ ಇಸ್ಲಾಮಿಗೆ ಬರುತ್ತಿದ್ದರು. ಮಗನನ್ನು ಮಣ್ಣಿಗಿಟ್ಟ ತಂದೆ ಸುಮ್ಮನಿರಲಿಲ್ಲ. ಸೂರ್ಯಚಂದ್ರರು ಅಲ್ಲಾಹನ ದೃಷ್ಟಾಂತಗಳೆಂದೂ, ಯಾರದೇ ಸಾವಿಗಾಗಲಿ ಹುಟ್ಟಿಗಾಗಲಿ ಅವಕ್ಕೆ ಗ್ರಹಣ ಹಿಡಿಯುವುದಿಲ್ಲವೆಂದೂ, ಗ್ರಹಣ ಕಂಡಾಗ ನಮಾಝ್ ಮಾಡಿರೆಂದೂ ಜನರಿಗೆ ಹೇಳಿದರು. ತಮ್ಮ ಪರವಾಗಿ ಹುಟ್ಟಿದ ಪವಾಡವನ್ನು ತಾವೇ ಅಲ್ಲಗಳೆದರು.

ಈ ಹದೀಸನ್ನು ನಾನು ಮಕ್ಕಳಿಗೆ ಗ್ರಹಣದ ನಮಾಝಿನ ವಿಧಿ ಕಲಿಸಲಷ್ಟೇ ಬಳಸುತ್ತಿದ್ದೆ.

ನಂತರದ ಒಂದು ಸಂಜೆ ಮಸೀದಿಯಲ್ಲಿ, ಮಕ್ಕಳ ಮುಂದೆಯೇ, ಆರ್ಮ್‌ಸ್ಟ್ರಾಂಗರ ಕಥೆ ಸತ್ಯವಲ್ಲ, ಇಷ್ಟು ವರ್ಷ ಹೇಳಿದ್ದು ನನ್ನ ತಪ್ಪು ಎಂದೆ. ಮಕ್ಕಳು ಸ್ವಲ್ಪ ಸಪ್ಪಗಾದರು, ಅಷ್ಟೇ. ಸಂಕಟಪಟ್ಟವರು ದೊಡ್ಡವರು. ಹಿರಿಯರೊಬ್ಬರು ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು, "ಮಾಸ್ತರ್ರ, ಸುಳ್ಳಿದ್ರೂ ಹುಡುಗರ ಮುಂದ ಹೇಳಬಾರದಿತ್ತರಿ. ಈಮಾನ್ ಸಡ್ಲಾಗತೈತಿ" ಎಂದರು. ಅವರ ಕಾಳಜಿ ನಿಜವಾದುದೇ. ಸಡಿಲಾಗಿದ್ದು ಹೇಳಿದ್ದರಿಂದಲ್ಲ, ಹೇಳದೆ ಇದ್ದುದರಿಂದ ಎಂದು ಅವರಿಗೆ ವಿವರಿಸಲು ನನ್ನ ಮನೆಯ ಮಾತನ್ನು ಬೀದಿಗೆ ತರಬೇಕಾಗುತ್ತಿತ್ತು. ತಲೆಯಾಡಿಸಿ ಬಂದುಬಿಟ್ಟೆ.

ಮಗಳನ್ನು ಒಮ್ಮೆ ನೇರವಾಗಿಯೇ ಕೇಳಿದೆ, ನಿನಗೆ ವಿಶ್ವಾಸವಿದೆಯೇ ಎಂದು. "ಗೊತ್ತಿಲ್ಲ ಅಬ್ಬಾ. ಇದೆ ಅಂದ್ರ ನಿಮ್ಮ ಸಲುವಾಗಿ ಅಂದಂಗಾಗತೈತಿ" ಎಂದಳು. ನನಗೆ ಸಿಟ್ಟು ಬರಬೇಕಿತ್ತು. ಆದರೆ ಆ ಉತ್ತರದಲ್ಲಿ ಸುಳ್ಳಿರಲಿಲ್ಲ. ಅವಳಿಗೆ ಕೊಡಬೇಕಾದ ಗೌರವ ಅದೊಂದಕ್ಕಾದರೂ ಸಲ್ಲಬೇಕಿತ್ತು. ಅಂದಿನಿಂದ ತಹಜ್ಜುದ್ ವೇಳೆಗೆ ಅವಳ ಹೆಸರನ್ನು ಎತ್ತಿ ದುಆ ಮಾಡುತ್ತೇನೆ. ವಾದ ಮಾಡುವುದನ್ನು ನಿಲ್ಲಿಸಿದ್ದೇನೆ. ಅವಳು ಕೇಳಿದ್ದಕ್ಕೆ ತಿಳಿದಿದ್ದರೆ ಉತ್ತರಿಸುತ್ತೇನೆ, ತಿಳಿಯದಿದ್ದರೆ ತಿಳಿಯದೆನ್ನುತ್ತೇನೆ. ಮೇಷ್ಟರ ಬಾಯಿಗೆ ಇದು ಕಷ್ಟದ ಮಾತು.

2019ರ ಡಿಸೆಂಬರ್ 26ರಂದು ಸೂರ್ಯಗ್ರಹಣವಿತ್ತು. ಕಾಸರಗೋಡಿನ ಚೆರುವತ್ತೂರಿನಲ್ಲಿ ಸೂರ್ಯ ಬಳೆಯಂತೆ ಕಾಣಿಸಿದ ಗ್ರಹಣ ಅದು, ನಮ್ಮಲ್ಲಿ ಭಾಗಶಃ. ಮಗಳು ರಜೆಯಲ್ಲಿ ಊರಿಗೆ ಬಂದಿದ್ದಳು. ಬೆಳಿಗ್ಗೆಯೇ ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಅಂಗಳದಲ್ಲಿ ಬಿಳಿ ಹಾಳೆ ಹಾಸಿ, ಓಣಿಯ ಹುಡುಗರನ್ನು ಸೇರಿಸಿಕೊಂಡಿದ್ದಳು. ಇಂಥ ತೂತಿನಿಂದ ಗ್ರಹಣದ ಬಿಂಬ ಕುಡುಗೋಲಿನ ಆಕಾರದಲ್ಲಿ ಮೂಡುವುದೇಕೆಂದು ಸಾವಿರ ವರ್ಷದ ಹಿಂದೆ ಇಬ್ನುಲ್ ಹೈಸಮ್ ಒಂದು ಪ್ರಬಂಧವನ್ನೇ ಬರೆದಿದ್ದರೆಂದು ಅವರಿಗೆ ಹೇಳುತ್ತಿದ್ದಳು. ಟಾಲೆಮಿಯಂಥ ಹಿರಿಯರ ಮಾತನ್ನೂ ಸಂಶಯಿಸಿ ನೋಡಬೇಕೆಂದು ಬರೆದವರು ಅವರೇ ಎಂದೂ ಸೇರಿಸಿದಳು. ಆ ಹೆಸರನ್ನು ನನ್ನ ಪಟ್ಟಿಯಿಂದ ಅವಳು ಉಳಿಸಿಕೊಂಡಿದ್ದಾಳೆಂದು ಆಗ ತಿಳಿಯಿತು.

ನಾನು ವುಝೂ ಮಾಡಿ ಗ್ರಹಣದ ನಮಾಝಿಗೆ ಹೊರಟೆ. ಅವಳು ಕರೆಯಲಿಲ್ಲ, ನಾನೂ ಏನೂ ಹೇಳಲಿಲ್ಲ. ನಮಾಝಿನ ಬಳಿಕ ಮಸೀದಿಯಲ್ಲಿ ಇಬ್ರಾಹೀಮರ ಸಾವಿನ ದಿನದ ಸಂಗತಿಯನ್ನು, ಈ ಬಾರಿ ಪೂರ್ತಿಯಾಗಿ, ಮಕ್ಕಳಿಗೆ ಹೇಳಿ ಮನೆಗೆ ಬಂದಾಗ ಗ್ರಹಣ ಬಿಡುತ್ತಲಿತ್ತು. ಹುಡುಗರು ಚದುರಿದ್ದರು. ಬೇವಿನ ಮರದ ಎಲೆಗಳ ಸಂದಿಯಿಂದ ಬಿದ್ದ ಬೆಳಕು ಅಂಗಳದ ತುಂಬ ಸಣ್ಣ ಸಣ್ಣ ಹಿಲಾಲುಗಳಾಗಿ ಹರಡಿತ್ತು. ಅವಳು ಚಪ್ಪಲಿ ಬಿಟ್ಟು ಅದರ ನಡುವೆ ನಿಂತಿದ್ದಳು.

"ಇವತ್ತು ಏನು ಹೇಳಿದ್ರಿ, ಅಬ್ಬಾ?" ಎಂದು ಕೇಳಿದಳು. ಹೇಳಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.